ಅವಳಿ ಜೀನ್ ಟಗರು ಅಂತ ಮಾರಲು ಬಂದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಹಿರಿಯಡಕದ ಹತ್ತಿರ ನಮಗೊಂದು ಸಣ್ಣ ಅಡಿಕೆ ತೋಟ ಇದೆ. ಅದರ ಹಿಂದೆ ಗೇರುಗುಡ್ಡೆ. 2022ರಲ್ಲಿ ಆ ಗುಡ್ಡೆಯ ಬುಡದಲ್ಲಿ ಹಲಗೆಯ ಅಟ್ಟಣಿಗೆ ಕಟ್ಟಿ ಹನ್ನೆರಡು ಹೆಣ್ಣು ಕುರಿ ತಂದೆ. ಎಲ್ಲವೂ ಬನ್ನೂರು ಕುರಿಗಳು. ನಮ್ಮ ಮಳೆಗೆ ಕುರಿ ಬದುಕುವುದಿಲ್ಲ ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ಕಾಲು ಒದ್ದೆಯಾಗದಂತೆ ನೋಡಿಕೊಂಡರೆ, ಜಂತಿನ ಔಷಧಿ ತಪ್ಪಿಸದಿದ್ದರೆ ಆಗುತ್ತದೆ ಅಂತ ನಾನು ಧೈರ್ಯ ಮಾಡಿದೆ. ಅದೇನೋ ಸರಿಯಾಗಿಯೇ ನಡೆಯಿತು. ನಾನು ಮೋಸ ಹೋದದ್ದು ಟಗರಿನ ವಿಷಯದಲ್ಲಿ.

ಆ ವರ್ಷ ನವೆಂಬರಿನಲ್ಲಿ ಘಟ್ಟದ ಮೇಲಿನ ಒಬ್ಬ ವ್ಯಾಪಾರಿ ಫೋನ್ ಮಾಡಿದ. ತನ್ನ ಹತ್ತಿರ ಆಸ್ಟ್ರೇಲಿಯಾದ ಅವಳಿ ಜೀನ್ ಇರುವ ಟಗರು ಇದೆ, ಇದನ್ನು ಮಂದೆಗೆ ಬಿಟ್ಟರೆ ಇದೇ ಸಲ ಕುರಿಗಳೆಲ್ಲ ಎರಡೆರಡು ಮರಿ ಹಾಕುತ್ತವೆ ಅಂದ. ಬನ್ನೂರು ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುವುದು. ಹನ್ನೆರಡು ಕುರಿಗೆ ಇಪ್ಪತ್ತನಾಲ್ಕು ಮರಿ ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟೆ. ಸಾಧಾರಣ ಟಗರಿಗೆ ಇಪ್ಪತ್ತು ಸಾವಿರ ಇದ್ದ ಹೊತ್ತಿನಲ್ಲಿ ಇದಕ್ಕೆ ಅರವತ್ತೈದು ಸಾವಿರ ಕೊಟ್ಟೆ. ಹೆಂಡತಿಯ ಎರಡು ಬಳೆ ಅಡವಿಟ್ಟು ಕೊಟ್ಟ ದುಡ್ಡು ಅದು. ಟಗರಿನ ಜೊತೆ ಒಂದು ಸರ್ಟಿಫಿಕೇಟೂ ಬಂತು. ಅದರಲ್ಲಿ ಟಗರಿನ ಫೋಟೋ ಮತ್ತು ಒಂದು ಮುದ್ರೆ ಇತ್ತು. ಟಗರಿನ ಕಿವಿಗೆ ಹಾಕುವ ಗುರುತಿನ ಓಲೆಯ ನಂಬರ್ ಇರಲಿಲ್ಲ, ಯಾವ ಲ್ಯಾಬಿನ ಹೆಸರೂ ಇರಲಿಲ್ಲ. ಅವತ್ತು ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

2023ರ ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಕುರಿಗಳು ಈದವು. ಹತ್ತು ಒಂದೊಂದೇ ಮರಿ ಹಾಕಿದವು. ಒಂದು ಮಾತ್ರ ಅವಳಿ. ವ್ಯಾಪಾರಿಗೆ ಫೋನ್ ಮಾಡಿದರೆ, ನೋಡಿ ಅವಳಿ ಬಂತಲ್ವಾ, ಉಳಿದವಕ್ಕೆ ನಿಮ್ಮ ಮೇವು ಸಾಲದು ಅಂದ.

ನಮ್ಮ ತಾಲೂಕಿನ ಪಶುವೈದ್ಯರೊಬ್ಬರು ಅಟ್ಟಣಿಗೆಯ ಮೆಟ್ಟಿಲ ಮೇಲೆ ಕೂತು ನನಗೆ ವಿಷಯ ಬಿಡಿಸಿ ಹೇಳಿದರು. ಎಷ್ಟು ಮರಿ ಅನ್ನುವುದು ತಾಯಿ ಕುರಿ ಬೆದೆಗೆ ಬಂದಾಗ ಎಷ್ಟು ಮೊಟ್ಟೆ ಬಿಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಒಂದು ಮೊಟ್ಟೆ ಬಿಟ್ಟರೆ ಒಂದು ಮರಿ. ಟಗರು ಎಷ್ಟು ಕೋಟಿ ವೀರ್ಯಾಣು ಕೊಟ್ಟರೂ ಆ ಒಂದು ಮೊಟ್ಟೆ ಎರಡಾಗುವುದಿಲ್ಲ. ಟಗರಿನಲ್ಲಿ ನಿಜವಾಗಿ ಅವಳಿ ಜೀನ್ ಇದ್ದರೂ ಅದು ಕೆಲಸ ಮಾಡುವುದು ಅದರ ಹೆಣ್ಣು ಮರಿಗಳಲ್ಲಿ, ಅವು ಬೆಳೆದು ಬೆದೆಗೆ ಬಂದ ಮೇಲೆ. ಅಂದರೆ ಟಗರು ತಂದು ಎರಡು ವರ್ಷವಾದರೂ ಕಾಯಬೇಕು. ಇದೇ ಸಲ ಎರಡೆರಡು ಮರಿ ಅನ್ನುವ ಮಾತು ಹುಟ್ಟಿನಲ್ಲೇ ಸುಳ್ಳು. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ನಾನು ಅವತ್ತೇ ಫೋನ್ ಇಡುತ್ತಿದ್ದೆ.

ಹಾಗಾದರೆ ಆ ಒಂದು ಕುರಿ ಅವಳಿ ಹಾಕಿದ್ದು ಹೇಗೆ? ಅದು ನಮ್ಮ ಮಂದೆಯಲ್ಲೇ ಹಿರಿಯ ಕುರಿ, ಮೈ ತುಂಬಿಕೊಂಡಿತ್ತು. ಟಗರು ಬಿಡುವ ಮುಂಚಿನ ಎರಡು ಮೂರು ವಾರ ಚೆನ್ನಾಗಿ ಮೇವು, ಹಿಂಡಿ ತಿಂದ ಕುರಿ ಕೆಲವೊಮ್ಮೆ ಒಂದು ಮೊಟ್ಟೆ ಜಾಸ್ತಿ ಬಿಡುತ್ತದೆ. ಅದಕ್ಕೆ ವಿಶೇಷ ಜೀನ್ ಬೇಕಿಲ್ಲ. ಈ ಟಗರೇ ಅವಳಿಯಾಗಿ ಹುಟ್ಟಿದ್ದು ಅಂತ ಯಾರಾದರೂ ಹೇಳಿದರೂ ಅಷ್ಟೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಆ ಅವಳಿಯಲ್ಲಿ ಚಿಕ್ಕದು ಹುಟ್ಟುವಾಗ ಎರಡು ಕಿಲೋ ಕೂಡ ಇರಲಿಲ್ಲ. ತಾಯಿಯ ಹಾಲು ಇಬ್ಬರಿಗೂ ಸಾಲಲಿಲ್ಲ. ಮಗಳು ಬಾಟಲಿಯಲ್ಲಿ ದನದ ಹಾಲು ಕುಡಿಸಿದಳು. ಜೂನ್ ಮೊದಲ ವಾರದ ಮಳೆ, ಆ ಶೀತ ಅದಕ್ಕೆ ತಡೆಯಲಿಲ್ಲ. ಅವಳಿ ಬೇಕು ಅಂತ ಆಸೆ ಪಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಜೀನ್ ನಿಜವಿದ್ದರೂ ಹಾಲು, ಬೆಚ್ಚನೆ ಜಾಗ, ಗಬ್ಬದ ಕೊನೆಯ ಒಂದೂವರೆ ತಿಂಗಳಿನ ಮೇವು, ಇಷ್ಟೂ ಮೊದಲೇ ತಯಾರಿರಬೇಕು. ಎರಡು ಮರಿ ಹೊತ್ತ ಕುರಿಗೆ ಆಗ ಮೇವು ಕಡಿಮೆಯಾದರೆ ತಾಯಿಯೇ ಕಾಯಿಲೆ ಬಿದ್ದು ಸಾಯಬಹುದು.

ಇನ್ನು ಆಸ್ಟ್ರೇಲಿಯಾದ ಜೀನ್ ಅನ್ನುವ ಮಾತು. ಆ ಜೀನ್ ಇರುವುದು ನಿಜ. ಅಲ್ಲಿಯ ಬೂರೂಲಾ ಮೆರಿನೋ ಕುರಿಗಳಲ್ಲಿ ಅದನ್ನು ಗುರುತಿಸಿದರು. ಫೆಕ್‌ಬಿ ಅಂತ ಹೆಸರು. ಆರನೇ ಕ್ರೋಮೋಸೋಮಿನಲ್ಲಿರುವ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದೇ ಕಾರಣ ಅಂತ 2001ರಲ್ಲಿ ಪತ್ತೆಯಾಯಿತು. ಜೀನ್ ಬರುವುದು ಜೋಡಿಯಾಗಿ, ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು. ಈ ಬದಲಾದ ಜೀನಿನ ಒಂದು ಪ್ರತಿ ಇದ್ದರೆ ಕುರಿ ಸರಾಸರಿ ಸುಮಾರು ಒಂದೂವರೆ ಮೊಟ್ಟೆ ಜಾಸ್ತಿ ಬಿಡುತ್ತದೆ, ಎರಡು ಪ್ರತಿ ಇದ್ದರೆ ಸುಮಾರು ಮೂರು. ಆದರೆ ಇದರ ಬೇರು ಇರುವುದು ನಮ್ಮ ದೇಶದಲ್ಲೇ. ಬಂಗಾಳದ ಸುಂದರಬನದ ಗಾರೋಲ್ ಅನ್ನುವ ಪುಟ್ಟ ಕುರಿ 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಯಿತು, ಅದರ ಜೊತೆ ಈ ಜೀನೂ ಹೋಯಿತು. ಕೆಸರು, ಮಳೆಯ ನಾಡಿನ ಕುರಿ ಅದು. ಮಹಾರಾಷ್ಟ್ರದ ಫಲ್ಟಣ್‌ನ ನಿಂಬಕರ್ ಸಂಸ್ಥೆಯವರು ಗಾರೋಲ್‌ನಿಂದಲೇ ಈ ಜೀನನ್ನು ದಖ್ಖನಿ ಕುರಿಗೆ ತಂದು ನಾರಿ ಸುವರ್ಣ ಅನ್ನುವ ತಳಿ ಮಾಡಿದರು. ರಾಜಸ್ಥಾನದ ಅವಿಕಾನಗರದಲ್ಲಿ ಅವಿಶಾನ್ ಅನ್ನುವ ತಳಿ ಆಯಿತು. ಅಲ್ಲೆಲ್ಲ ಇದು ವರ್ಷಗಟ್ಟಲೆ ಲೆಕ್ಕ ಇಟ್ಟು, ರಕ್ತ ಪರೀಕ್ಷೆ ಮಾಡಿ ನಡೆದ ಕೆಲಸ.

ನಾನು ಮಾಡಿದ ದೊಡ್ಡ ತಪ್ಪು ಇದಾದ ಮೇಲಿನದು. ಹೇಳಲು ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ. ಐದು ಹೆಣ್ಣು ಮರಿ ಉಳಿಸಿಕೊಂಡಿದ್ದೆ. ಅದೇ ಟಗರನ್ನು ಮಗಳುಗಳಿಗೂ ಬಿಡಿ, ಜೀನ್ ಡಬಲ್ ಆಗುತ್ತದೆ ಅಂತ ವ್ಯಾಪಾರಿ ಹೇಳಿದ. ಡಾಕ್ಟರರನ್ನು ಕೇಳದೆ 2024ರಲ್ಲಿ ಹಾಗೇ ಮಾಡಿದೆ. ಐದೂ ಒಂದೊಂದೇ ಮರಿ ಹಾಕಿದವು. ಒಂದು ಮರಿಯ ಕೆಳದವಡೆ ಒಳಗೆ ಸರಿದು ಮೊಲೆ ಹಿಡಿಯಲು ಆಗಲಿಲ್ಲ. ಎರಡು ಮರಿ ತಿಂಗಳಾದರೂ ಮೈ ಹಿಡಿಯಲಿಲ್ಲ. ತಂದೆ ಮಗಳ ಮರಿಯಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಜೀನ್ ಜೋಡಿಯ ಎರಡೂ ಪ್ರತಿ ಒಂದೇ ಮೂಲದಿಂದ, ಅಂದರೆ ಆ ತಂದೆಯ ಒಂದೇ ಪ್ರತಿಯಿಂದ ಬಂದಿರುತ್ತದೆ. ಅಡಗಿ ಕೂತ ದೋಷಗಳು ಆಗಲೇ ಹೊರಗೆ ಬರುವುದು.

ಡಬಲ್ ಆದರೆ ಒಳ್ಳೆಯದು ಅನ್ನುವುದೂ ಎಲ್ಲ ಅವಳಿ ಜೀನಿಗೂ ಹೊಂದುವುದಿಲ್ಲ. ನ್ಯೂಜಿಲೆಂಡಿನ ಇನ್ವರ್‌ಡೇಲ್ ಅನ್ನುವ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಒಂದು ಪ್ರತಿ ಸಿಕ್ಕರೆ ಅವಳಿ ಜಾಸ್ತಿ. ಎರಡು ಪ್ರತಿ ಸಿಕ್ಕರೆ ಅಂಡಾಶಯ ಬೆಳೆಯುವುದೇ ಇಲ್ಲ, ಕುರಿ ಪೂರ್ತಿ ಬಂಜೆ. ಅಲ್ಲಿ ತಂದೆಯನ್ನು ಮಗಳಿಗೆ ಬಿಟ್ಟರೆ ಹುಟ್ಟುವ ಹೆಣ್ಣು ಮರಿಗಳಲ್ಲಿ ಅರ್ಧದಷ್ಟು ಬಂಜೆಯಾಗುತ್ತವೆ. ಯಾವ ಜೀನ್ ಅಂತ ತಿಳಿಯದೆ ಡಬಲ್ ಮಾಡಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಕೊನೆಗೆ 2025ರಲ್ಲಿ ಡಾಕ್ಟರರು ಟಗರಿನ ಕುತ್ತಿಗೆಯ ರಕ್ತನಾಳದಿಂದ ನೇರಳೆ ಮುಚ್ಚಳದ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು ಫೆಕ್‌ಬಿ ಪರೀಕ್ಷೆಗೆ ಕಳಿಸಿದರು. ಉತ್ತರ ಬಂತು. ಒಂದು ಪ್ರತಿಯೂ ಇಲ್ಲ. ಅರವತ್ತೈದು ಸಾವಿರ, ಎರಡೂವರೆ ವರ್ಷ, ಅಷ್ಟು ಮರಿಗಳ ಕಷ್ಟ, ಎಲ್ಲ ಇಲ್ಲದ ಜೀನಿಗೆ. ವ್ಯಾಪಾರಿಯ ಫೋನ್ ಈಗ ಹೋಗುವುದಿಲ್ಲ.

ಟಗರು ಕೊಳ್ಳುವವರು ಕಿವಿ ಓಲೆಯ ನಂಬರ್ ಬರೆದಿರುವ ಲ್ಯಾಬ್ ವರದಿ ಕೇಳಿ, ಆ ನಂಬರ್ ಟಗರಿನ ಕಿವಿಯಲ್ಲಿದೆಯಾ ನೋಡಿ. ಒಂದು ಪ್ರತಿಯಾ, ಎರಡಾ ಅಂತಲೂ ಕೇಳಿ. ಎರಡಿದ್ದರೆ ಎಲ್ಲ ಮರಿಗೂ ಜೀನ್ ಸಿಗುತ್ತದೆ, ಒಂದಿದ್ದರೆ ಅರ್ಧದಷ್ಟಕ್ಕೆ ಮಾತ್ರ. ವರದಿ ಇದ್ದರೂ ನಿಮ್ಮದೇ ಡಾಕ್ಟರರಿಂದ ಇನ್ನೊಮ್ಮೆ ರಕ್ತ ತೆಗೆಸಿ, ಉತ್ತರ ಬಂದ ಮೇಲೆ ದುಡ್ಡು ಕೊಡಿ. ಕಳೆದ ತಿಂಗಳು ಕಾರ್ಕಳ ಕಡೆಯ ಒಬ್ಬರು ಇಂಥದೇ ಟಗರಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದರು. ರಕ್ತ ತೆಗೆಸುತ್ತೇವೆ ಅಂದ ಕೂಡಲೇ ಮಾರುವವನು ಟಗರು ಮಾರಾಟವಾಯಿತು ಅಂದನಂತೆ.

ಆ ಟಗರಿಗೆ ಹುಟ್ಟಿದ ನನ್ನ ಐದು ಹೆಣ್ಣು ಕುರಿಗಳು ಚೆನ್ನಾಗಿವೆ. ಅವಕ್ಕೆ ನೆಂಟಸ್ತಿಕೆ ಇಲ್ಲದ ಬೇರೆ ಮಂದೆಯ ಟಗರು ಹುಡುಕುತ್ತಿದ್ದೇನೆ. ಅವಳಿಯದೇ ಆಗಬೇಕೆಂದಿಲ್ಲ. ಉಡುಪಿ, ಮಂಗಳೂರು ಕಡೆ ಎರಡು ಮಳೆಗಾಲ ದಾಟಿದ ಒಳ್ಳೆಯ ಟಗರು ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ನೋಡುತ್ತೇನೆ.