ಸ್ಟ್ಯಾಂಪ್ಡ್ ಕಾಂಕ್ರೀಟ್ ಅಂಗಳ: ಅಚ್ಚಿಗೆ ಎಂಟು ಅಂಕ, ತಳಕ್ಕೆ ನಾಲ್ಕು

ಕಾಫಿ ಕಣ ಹಾಕಿ ಕೈ ಪಳಗಿದ ಮೇಸ್ತ್ರಿಗಳಿಗೆ ಚಿಕ್ಕಮಗಳೂರಿನಲ್ಲಿ ಬರವಿಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕಿ, ನೀರು ಹರಿದುಹೋಗಲು ವಾಟ ಕೊಟ್ಟು, ನುಣ್ಣಗೆ ತೀಡುವುದು ಅವರಿಗೆ ದಿನನಿತ್ಯದ ಕೆಲಸ. ಹೊಸದು ಬಂದಿರುವುದು ಅದರ ಮೇಲೆ ಅಚ್ಚು ಒತ್ತುವ ಕಸುಬು. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಉದುರಿಸಿ, ರಬ್ಬರಿನಂಥ ಮ್ಯಾಟ್ ಇಟ್ಟು ಒತ್ತಿದರೆ ಚಪ್ಪಡಿ ಕಲ್ಲು ಹಾಸಿದಂತೆ ಕಾಣುತ್ತದೆ. ಹೋಂಸ್ಟೇಗಳ ಅಂಗಳದಲ್ಲಿ ನೋಡಿ ಮೆಚ್ಚಿದವರು ಈಗ ಮನೆಗೂ ಮಾಡಿಸುತ್ತಿದ್ದಾರೆ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಹಿರೇಮಗಳೂರು ಕಡೆಯ ಒಂದು ಮನೆಯ ಹಿತ್ತಲ ಸಿಟ್‌ಔಟ್. ಅಳತೆ 30 ಅಡಿ ಉದ್ದ, 20 ಅಡಿ ಅಗಲ. ಮೆಟೀರಿಯಲ್ ಸಮೇತ ಚದರ ಅಡಿಗೆ 150 ರೂಪಾಯಿಯಂತೆ ಗುತ್ತಿಗೆ. ಫೆಬ್ರವರಿಯಲ್ಲಿ ಮುಗಿದ ಕೆಲಸ, ಒಂದು ಮಳೆಗಾಲ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ನೋಡಿದ್ದು. ಅಚ್ಚು ಒತ್ತಿದ ತಂಡ ಬೆಂಗಳೂರಿನದು, ನೆಲ ಮತ್ತು ಕಾಂಕ್ರೀಟು ಸ್ಥಳೀಯ ಉಪಗುತ್ತಿಗೆ. ಹೆಸರು ಬೇಡ. ಇಲ್ಲಿ ಕಂಡ ತಪ್ಪುಗಳು ಈ ಒಬ್ಬರವೇ ಅಲ್ಲ. ಹತ್ತಕ್ಕೆ ಅಂಕ ಕೊಡುವುದಾದರೆ ಅಚ್ಚಿಗೆ 8, ಬಣ್ಣಕ್ಕೆ 6, ಅಚ್ಚಿನ ಕೆಳಗಿರುವುದಕ್ಕೆಲ್ಲ ಸೇರಿ 4. ಮಳೆ ಬೀಳುವ ಊರಿನಲ್ಲಿ ಆ ಕೊನೆಯ ಅಂಕವೇ ಮುಖ್ಯ.

ನೆಲದಿಂದ ಶುರು ಮಾಡೋಣ. ಕೆಲಸದ ದಿನ ಮನೆಯವರು ತೆಗೆದ ಫೋಟೊಗಳಲ್ಲಿ ಹಳೆಯ ಕಾಫಿ ಗಿಡಗಳ ಬುಡ ಹಾಗೆಯೇ ಉಳಿದಿರುವುದು ಕಾಣುತ್ತದೆ. ಗಿಡ ಕಡಿದಿದ್ದಾರೆ, ಬೇರು ಕಿತ್ತಿಲ್ಲ. ಬುಡ ಕೊಳೆತೋ ಗೆದ್ದಲು ತಿಂದೋ ಒಳಗೆ ಟೊಳ್ಳಾಗುತ್ತದೆ, ಮೇಲಿನ ಕಾಂಕ್ರೀಟ್ ಅಲ್ಲಿ ಆಧಾರವಿಲ್ಲದೆ ನಿಲ್ಲುತ್ತದೆ. ಮೇಲಿನ 6 ಇಂಚು ಸಡಿಲ ಮಣ್ಣನ್ನು ಬೇರು ಸಮೇತ ತೆಗೆಯಬೇಕು. ಗುಂಡಿ ತುಂಬುವುದಿದ್ದರೆ 4ರಿಂದ 6 ಇಂಚಿನ ಪದರ ಪದರವಾಗಿ, ನೀರು ಚಿಮುಕಿಸಿ, ಮಣ್ಣು ಕುಟ್ಟುವ ಯಂತ್ರ (ಪ್ಲೇಟ್ ಕಾಂಪ್ಯಾಕ್ಟರ್) ಓಡಿಸಬೇಕು. ಅದರ ಮೇಲೆ 40 ಎಂಎಂ ಜಲ್ಲಿಗೆ ಕ್ರಷರ್ ಡಸ್ಟ್ ಬೆರೆಸಿ 4 ಇಂಚು ಹಾಸಿ ಮತ್ತೆ ಕುಟ್ಟಬೇಕು. ಹಿಮ್ಮಡಿ ಊರಿ ತಿರುಗಿದರೂ ಗುರುತು ಬೀಳಬಾರದು, ಅಷ್ಟು ಗಟ್ಟಿ. ಇಲ್ಲಿ ಒಂದೇ ಸಲ ಮಣ್ಣು ತುಂಬಿ ಕೈಯಲ್ಲಿ ದಮ್ಮಸ್ಸು ಹೊಡೆದು ಬಿಟ್ಟಿದ್ದಾರೆ. ಒಂದು ಮೂಲೆ ಆಗಲೇ ಕಾಲು ಇಂಚು ಕುಸಿದಿದೆ. ಕಪ್ಪು ಮಣ್ಣಿನ ಜಾಗವಾಗಿದ್ದರೆ ಇನ್ನೂ ಕಷ್ಟ. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ, ಆದ್ದರಿಂದ ಆಳಕ್ಕೆ ತೆಗೆದು ಗ್ರ್ಯಾವೆಲ್ ತುಂಬಬೇಕಾಗುತ್ತದೆ.

ದಪ್ಪದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. 600 ಚದರ ಅಡಿಗೆ 4 ಇಂಚು ಎಂದರೆ 200 ಘನ ಅಡಿ, ಅಂದರೆ ಸುಮಾರು 5.7 ಘನ ಮೀಟರ್. ಸಿಮೆಂಟು, ಮರಳು, ಜಲ್ಲಿ 1:1.5:3ರ ಎಂ20 ಗ್ರೇಡ್ ಮಿಶ್ರಣವಾದರೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು, ಒಟ್ಟು 45 ಮೂಟೆ. ಅರ್ಧ ಇಂಚು ತೆಳುವಾದರೆ 25 ಘನ ಅಡಿ ಕಾಂಕ್ರೀಟ್ ಉಳಿಯಿತು, ಐದಾರು ಮೂಟೆ ಸಿಮೆಂಟು ಗುತ್ತಿಗೆದಾರನ ಪಾಲಿಗೆ. ಮೋಸವೇ ಆಗಬೇಕೆಂದಿಲ್ಲ, ಅಡಿ ಮಟ್ಟವಾಗಿಲ್ಲದಿದ್ದರೂ ಹೀಗಾಗುತ್ತದೆ. ಅಂಚಿನ ಹಲಗೆ 4 ಇಂಚು ಇದ್ದು ನಡುವೆ ನೆಲ ಉಬ್ಬಿದ್ದರೆ ಅಲ್ಲಿ ಸಿಗುವುದು 3 ಇಂಚು. ಕಾಂಕ್ರೀಟ್ ಬೀಳುವ ಮುಂಚೆ ಹಲಗೆಯಿಂದ ಹಲಗೆಗೆ ದಾರ ಎಳೆದು ಹತ್ತು ಕಡೆ ಟೇಪ್ ಇಳಿಬಿಟ್ಟು ನೋಡಿ. ಐದು ನಿಮಿಷದ ಕೆಲಸ. ಕಾರು ನಿಲ್ಲುವ ಜಾಗವಾದರೆ 5ರಿಂದ 6 ಇಂಚು ಬೇಕು.

ಕಂಬಿಯ ಜಾಲರಿ ಹಾಕಿದ್ದಾರೆ, ಆದರೆ ನೆಲಕ್ಕೆ ಅಂಟಿಸಿ. ಕಂಬಿಯನ್ನು ನೆಲದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಫೋಟೊದಲ್ಲಿ ಒಂದೂ ಇಲ್ಲ. “ಹಾಕ್ತಾ ಹಾಕ್ತಾ ಮೇಲಕ್ಕೆ ಎಳ್ಕೋತೀವಿ ಸಾರ್” ಎಂಬ ಮಾತು ಎಲ್ಲ ಸೈಟಿನಲ್ಲೂ ಕೇಳಿಬರುತ್ತದೆ. ಎಳೆದವರೇ ಮರುಕ್ಷಣ ಅದರ ಮೇಲೆ ಕಾಲಿಟ್ಟು ನಡೆಯುತ್ತಾರೆ. ಜಾಲರಿ ಮೇಲ್ಮೈಯಿಂದ ಒಂದೂವರೆ, ಎರಡು ಇಂಚು ಕೆಳಗಿದ್ದರೆ ಬಿರುಕನ್ನು ಬಿಗಿಹಿಡಿಯುತ್ತದೆ. ತಳದಲ್ಲಿ ಬಿದ್ದಿದ್ದರೆ ತುಕ್ಕು ಹಿಡಿಯುತ್ತದೆ, ಅಷ್ಟೆ.

ಇನ್ನು ವಾಟ. ಅಚ್ಚಿನ ನೆಲಕ್ಕೆ ಸಾದಾ ನೆಲಕ್ಕಿಂತ ಹೆಚ್ಚು ವಾಟ ಬೇಕು, ಯಾಕೆಂದರೆ ಅಚ್ಚಿನ ಗೆರೆಗಳೇ ಸಣ್ಣ ಸಣ್ಣ ಕಾಲುವೆಯಾಗಿ ನೀರು ಹಿಡಿದಿಡುತ್ತವೆ. ಅಡಿಗೆ ಕಾಲು ಇಂಚು ಒಳ್ಳೆಯ ಲೆಕ್ಕ. 20 ಅಡಿಗೆ 5 ಇಂಚು ಇಳಿಯಬೇಕು. ಇಲ್ಲಿ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಪೈಪು) ಹಿಡಿದರೆ ಸಿಕ್ಕಿದ್ದು 3 ಇಂಚು ಚಿಲ್ಲರೆ. ಲೆಕ್ಕದ ಮಟ್ಟಿಗೆ ನೀರು ಹೋಗಲೇಬೇಕು, ಆದರೆ ಕುಸಿದ ಮೂಲೆಯಲ್ಲಿ ತಟ್ಟೆಯಗಲ ನೀರು ನಿಂತು, ಅಲ್ಲಿ ಕಪ್ಪು ಹಸಿರು ಪಾಚಿ ಕಟ್ಟಿದೆ. ಬಾಕಿ ಹಣ ಕೊಡುವ ಮುಂಚೆ ಮಾಡಬೇಕಾದ ಪರೀಕ್ಷೆ ಸುಲಭ: ಪೈಪ್ ಬಿಟ್ಟು ಇಡೀ ಅಂಗಳ ತೋಯಿಸಿ, ಅರ್ಧ ಗಂಟೆ ಬಿಟ್ಟು ಬನ್ನಿ. ನಿಂತ ನೀರಿನಲ್ಲಿ ಒಂದು ರೂಪಾಯಿ ನಾಣ್ಯ ಮುಳುಗಿದರೆ ಆ ಜಾಗ ಸರಿಯಿಲ್ಲ.

ಬಿರುಕಿನ ವಿಚಾರದಲ್ಲಿ ಗುತ್ತಿಗೆದಾರರು ಹೇಳುವುದು “ಏನೂ ಆಗಲ್ಲ ಬಿಡಿ”. ಕಾಂಕ್ರೀಟ್ ಒಣಗುತ್ತ ಕುಗ್ಗುತ್ತದೆ, ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು. ಎಲ್ಲಿ ಬಿಡಬೇಕೆಂದು ಮೊದಲೇ ಗೀರು ಹಾಕಿ ಹೇಳುವುದಷ್ಟೇ ನಮ್ಮ ಕೈಯಲ್ಲಿರುವುದು. 4 ಇಂಚು ದಪ್ಪಕ್ಕೆ 8ರಿಂದ 10 ಅಡಿಗೊಂದು ಇಂಥ ಗೀರು, ಅಂದರೆ ಜಾಯಿಂಟ್, ಆಳ 1 ಇಂಚು, ಅಂದರೆ ದಪ್ಪದ ಕಾಲು ಭಾಗ. ಈ ಅಂಗಳಕ್ಕೆ ಅಡ್ಡಲಾಗಿ ಎರಡು, ಉದ್ದಕ್ಕೆ ಒಂದು ಗೀರು ಹಾಕಿ 10 ಅಡಿಯ ಆರು ಚೌಕ ಮಾಡಬೇಕಿತ್ತು. ಹಾಕಿರುವುದು ನಡುವೆ ಒಂದೇ, ಅದೂ ಮೂರನೇ ದಿನ ಕಟರ್ ತಂದು. ಹಾಕಿದ ದಿನ ರಾತ್ರಿಯೊಳಗೆ, ತಪ್ಪಿದರೆ ಮರುದಿನ ಬೆಳಗ್ಗೆಯೇ ಕತ್ತರಿಸಬೇಕಾದ್ದು ಮೂರನೇ ದಿನಕ್ಕೆ ಹೋದರೆ ಬಿರುಕು ಕಟರ್‌ಗಿಂತ ಮೊದಲೇ ಬಂದಿರುತ್ತದೆ. ಇಲ್ಲಿ ಬಂದದ್ದೂ ಹಾಗೆಯೇ. ಅಡುಗೆಮನೆ ಮೆಟ್ಟಿಲಿನ ಹೊರಮೂಲೆಯಿಂದ ಓರೆಯಾಗಿ ನಾಲ್ಕು ಅಡಿ ಓಡಿದೆ, ಉಗುರು ಸಿಕ್ಕಿಕೊಳ್ಳುವಷ್ಟು ಅಗಲ. ಮೆಟ್ಟಿಲು, ಕಂಬ, ಎಲ್ ಆಕಾರದ ತಿರುವು, ಇಂಥ ಮೂಲೆಗಳಿಂದಲೇ ಬಿರುಕು ಹುಟ್ಟುವುದು. ಜಾಯಿಂಟ್ ಅಲ್ಲಿಗೇ ಬಂದು ಸೇರುವಂತೆ ಮೊದಲೇ ನಕ್ಷೆ ಹಾಕಬೇಕು. ಮನೆಯ ಗೋಡೆಗೂ ಹೊಸ ಕಾಂಕ್ರೀಟಿಗೂ ನಡುವೆ ಅರ್ಧ ಇಂಚು ಥರ್ಮಕೋಲ್ ಇಟ್ಟು ಬಿಡಿಸಿರಬೇಕು, ಅದೂ ಇಲ್ಲಿ ಇಲ್ಲ.

ಗೀರು ಅಂದಗೆಡಿಸುತ್ತದೆ ಎಂಬುದು ತಂಡದವರ ವಾದ. ಅದಕ್ಕೆ ಉತ್ತರ ಡಿಸೈನ್ ಆರಿಸುವಾಗಲೇ ಇದೆ. ಇಟ್ಟಿಗೆ ಅಥವಾ ನೇರ ಸಾಲಿನ ಕಲ್ಲಿನ ಅಚ್ಚಾದರೆ ಜಾಯಿಂಟು ಸಾಲಿನ ಗೆರೆಯೊಳಗೆ ಅಡಗುತ್ತದೆ. ಅಡ್ಡಾದಿಡ್ಡಿ ಕಾಡುಗಲ್ಲಿನ ಅಚ್ಚಿನಲ್ಲಿ ಅಡಗುವುದಿಲ್ಲ.

ಅಚ್ಚು ಒತ್ತುವ ಹೊತ್ತು ಮಾತ್ರ ನಿಜಕ್ಕೂ ನೋಡುವಂಥದ್ದು, ಈ ತಂಡಕ್ಕೆ ಅಂಕ ಬಂದಿರುವುದೂ ಅಲ್ಲಿ. ಕಾಂಕ್ರೀಟ್ ಹಾಕಿ ಮಟ್ಟಗೋಲು ಎಳೆದ ಮೇಲೆ ಮೇಲಕ್ಕೆ ನೀರು ಬೆವರುತ್ತದೆ. ಆ ನೀರು ಪೂರ್ತಿ ಆರುವ ತನಕ ಬಣ್ಣದ ಪುಡಿ ಮುಟ್ಟಬಾರದು. ಮುಟ್ಟಿದರೆ ವರ್ಷದೊಳಗೆ ಹಪ್ಪಳದ ಹಾಗೆ ಪದರ ಏಳುತ್ತದೆ. ಕೆಲವು ಗಾರೆಯವರು ನೀರು ಹೀರಲೆಂದು ಒಣ ಸಿಮೆಂಟ್ ಉದುರಿಸುತ್ತಾರೆ. ಅದರಿಂದ ಬಲೆಯಂಥ ನೂಲು ಬಿರುಕು ಬರುತ್ತದೆ, ಬಿಡಬೇಡಿ. ನೀರು ಆರಿದ ಮೇಲೆ ಕಲರ್ ಹಾರ್ಡ್‌ನರ್ ಎಂಬ ಆ ಬಣ್ಣದ ಪುಡಿಯನ್ನು ಎರಡು ಸುತ್ತಿನಲ್ಲಿ ಉದುರಿಸಿ ಮಣೆಯಲ್ಲಿ ತೀಡಬೇಕು, ಆಮೇಲೆ ಮ್ಯಾಟ್ ಅಂಟದಿರಲು ರಿಲೀಸ್ ಪುಡಿ. ಹೆಬ್ಬೆಟ್ಟು ಒತ್ತಿದರೆ ಕಾಲು ಇಂಚು ತಗ್ಗಬೇಕು, ಬೆರಳಿಗೆ ಅಂಟಬಾರದು. ಆ ಹದ ಬಂದಾಗ ಅಚ್ಚು ಶುರು. ಮೊದಲು ಕಾಂಕ್ರೀಟ್ ಬಿದ್ದ ಕಡೆಯಿಂದಲೇ ಹೊರಡಬೇಕು.

ಮ್ಯಾಟ್ ಎಷ್ಟು ತಂದಿದ್ದಾರೆ ಎಂದು ಎಣಿಸಿ. ಎರಡಡಿ ಚೌಕದ ಮ್ಯಾಟ್ ಆದರೆ 20 ಅಡಿ ಅಗಲದ ಒಂದು ಸಾಲಿಗೆ 10, ಮುಂದಿನ ಸಾಲು ಹಿಡಿಯಲು ಇನ್ನೆರಡು, ಒಟ್ಟು 12 ಬೇಕು. ಆರೇ ತಂದರೆ ಸಾಲಿನ ನಡುವೆ ಕಿತ್ತು ಇಡಬೇಕಾಗಿ ಗೆರೆ ಜರುಗುತ್ತದೆ. ಗೋಡೆಯ ಅಂಚಿಗೆ ಬಾಗುವ ಮೆತ್ತನೆ ಮ್ಯಾಟ್ ಬೇರೆ ಬೇಕು. ಈ ತಂಡದ ಬಳಿ ಎಲ್ಲವೂ ಇತ್ತು. ಆರು ಜನ, ಒಂದೇ ದಿನಕ್ಕೆ ಮುಗಿಸಿದ್ದಾರೆ, ಸಾಲು ದಾರ ಹಿಡಿದಂತೆ ನೇರವಾಗಿದೆ, ಗೋಡೆಯಂಚಿನಲ್ಲೂ ಅಚ್ಚು ಮಸುಕಾಗಿಲ್ಲ. ಒಂದೇ ಕೊರತೆ, ಪೂರ್ವದ ಕಡೆಯ ನಾಲ್ಕು ಸಾಲಿನಲ್ಲಿ ಅಚ್ಚಿನ ಆಳ ಅರ್ಧ. ಮನೆಯ ನೆರಳಿನಲ್ಲಿದ್ದ ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗ ಬಿಸಿಲಿಗಿದ್ದದ್ದು ಬಿಗಿದುಕೊಂಡಿದೆ. ಫೆಬ್ರವರಿ ಬಿಸಿಲಿಗೆ ಬೆಳಗ್ಗೆ ಆರೂವರೆಗೇ ಶುರು ಮಾಡಬೇಕು, ಇಲ್ಲವೇ ನರ್ಸರಿಯವರ ಶೇಡ್ ನೆಟ್ ಕಟ್ಟಬೇಕು. ಊರಿಡೀ ಕಾಫಿ ಸಸಿ ಬೆಳೆಸುವವರಿರುವಾಗ ಶೇಡ್ ನೆಟ್ ಸಿಗಲಿಲ್ಲ ಎನ್ನುವಂತಿಲ್ಲ.

ಬಣ್ಣಕ್ಕೆ ಅಂಕ ಕಡಿಮೆಯಾದದ್ದು ಪುಡಿಯ ಲೆಕ್ಕದಿಂದ. ಚದರ ಮೀಟರಿಗೆ ಸುಮಾರು 3 ಕೆಜಿ ಹಾರ್ಡ್‌ನರ್ ಬೇಕು, ತಿಳಿ ಬಣ್ಣಕ್ಕೆ 4 ಕೂಡ. 600 ಚದರ ಅಡಿ ಎಂದರೆ 56 ಚದರ ಮೀಟರ್, ಅಂದರೆ 25 ಕೆಜಿಯ ಏಳು ಚೀಲ. ಹಿತ್ತಲಲ್ಲಿ ಉಳಿದ ಖಾಲಿ ಚೀಲಗಳು ಐದು. ಓಡಾಟದ ದಾರಿಯಲ್ಲಿ ಬೂದು ಸಿಮೆಂಟು ಈಗಲೇ ಇಣುಕುತ್ತಿದೆ. ಖಾಲಿ ಚೀಲ ಎಸೆಯಬೇಡಿ ಎಂದು ಮೊದಲೇ ಹೇಳಿ, ಸಂಜೆ ಎಣಿಸಿ.

ಕ್ಯೂರಿಂಗ್ ವಿಷಯದಲ್ಲಿ ಹಳೆಯ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಪಾತಿ ಕಟ್ಟಿ ನೀರು ನಿಲ್ಲಿಸಿದರೆ, ಗೋಣಿತಾಟು ಹೊದಿಸಿದರೆ ಬಣ್ಣದ ಮೇಲೆ ಕಲೆ ಕೂರುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಅದರ ನಿರಿಗೆಯೇ ಅಚ್ಚಾಗುತ್ತದೆ. ಹಾಗೆಂದು ಬಿಡುವಂತಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ತೇವ ಉಳಿಯಬೇಕು. ತೇವ ಆರದಂತೆ ಬಳಿಯುವ ಕ್ಯೂರಿಂಗ್ ಕಾಂಪೌಂಡ್ ಇದಕ್ಕೆ ಹೊಂದುವುದು ಯಾವುದು, ಆಮೇಲೆ ಮೇಲ್ಮೈ ಕಾಯಲು ಬಳಿಯುವ ಸೀಲರ್ ಅದರ ಮೇಲೆ ಹಿಡಿಯುತ್ತದೆಯೇ ಎಂದು ಗುತ್ತಿಗೆದಾರನನ್ನು ಕೇಳಿ. ತಡಬಡಾಯಿಸಿದರೆ ಹೊಸಬ ಎಂದರ್ಥ.

ಸೀಲರ್ ಮಲೆನಾಡಿನವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಸಾಮಾನು. ಅಕ್ರಿಲಿಕ್ ಸೀಲರ್ ಒಂದು ಲೀಟರಿಗೆ ಸುಮಾರು 6 ಚದರ ಮೀಟರ್ ಬರುತ್ತದೆ. ಈ ಅಂಗಳಕ್ಕೆ ತೆಳುವಾಗಿ ಎರಡು ಕೋಟ್‌ಗೆ 20 ಲೀಟರಿನ ಒಂದು ಡ್ರಮ್ ಬೇಕು. ಮಿಂಚಲಿ ಎಂದು ಒಂದೇ ಕೋಟ್ ದಪ್ಪಗೆ ಬಳಿದರೆ ಅಡಿಯ ತೇವ ಹೊರಬರಲಾಗದೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನೆಲ ಒಣಗಿದೆಯೇ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಚಳಿಗಾಲದಲ್ಲಿ ಇಬ್ಬನಿ ಆರುವ ತನಕ, ಬೆಳಗ್ಗೆ ಹತ್ತರ ಮುಂಚೆ ರೋಲರ್ ಹಿಡಿಯುವಂತಿಲ್ಲ. ಎರಡನೇ ಕೋಟ್‌ಗೆ ಜಾರದಂತೆ ಮಾಡುವ ಪುಡಿ ಬೆರೆಸಲೇಬೇಕು. ಇಲ್ಲಿ ಬೆರೆಸಿಲ್ಲ, ಒದ್ದೆಯಾದಾಗ ಚಪ್ಪಲಿ ಜಾರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಸೀಲರ್ ಹಾಕಬೇಕು, ಆ ಖರ್ಚನ್ನು ಯಾರೂ ಕೊಟೇಶನ್‌ನಲ್ಲಿ ಬರೆಯುವುದಿಲ್ಲ. ಬಿಳಿ ಉಪ್ಪು ಎದ್ದರೆ ಬಾತ್‌ರೂಮ್ ಆ್ಯಸಿಡ್ ಸುರಿಯಬೇಡಿ, ಉಪ್ಪಿನ ಜೊತೆ ಬಣ್ಣವನ್ನೂ ತಿನ್ನುತ್ತದೆ.

ಕಾಲ ನವೆಂಬರ್ ಕೊನೆಯಿಂದ ಮಾರ್ಚ್ ನಡುವಿನ ತನಕ. ಆಮೇಲೆ ತೋಟದವರು ಮುಗಿಲು ನೋಡುತ್ತ ಕಾಯುವ ಹೂಮಳೆ ಹಸಿ ಅಚ್ಚಿನ ಮೇಲೆ ಬಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಹಾಳು. ಹಾಸನ, ಅರಸೀಕೆರೆ, ಕಡೂರಿನ ಕಡೆ ಬಯಲಂಗಳಕ್ಕೂ ಸ್ಟ್ಯಾಂಪ್ ಹಾಕಿಸಬಹುದು. ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಮಾಡಿನ ಕೆಳಗಿನ ಸಿಟ್‌ಔಟ್‌ಗೆ ಮಾತ್ರ ಸರಿ. ಬಯಲಿಗೆ ಪೊರಕೆ ಗೆರೆಯ ಸಾದಾ ಕಾಂಕ್ರೀಟೋ, ಜಲ್ಲಿ ಕಾಣುವಂತೆ ತೊಳೆದದ್ದೋ ವಾಸಿ. ಎರಡೂ ಜಾರುವುದು ಕಡಿಮೆ, ಸೀಲರ್ ತಪ್ಪಿದರೂ ಕೆಡುವುದಿಲ್ಲ.

ಕೊಟೇಶನ್‌ನಲ್ಲಿ “ಸ್ಟ್ಯಾಂಪ್ ಕೆಲಸ, ಚದರ ಅಡಿಗೆ ಇಷ್ಟು” ಎಂಬ ಒಂದೇ ಸಾಲಿದ್ದರೆ ಒಪ್ಪಬೇಡಿ. ಅಡಿ ಪದರದ ದಪ್ಪ, ಕಾಂಕ್ರೀಟಿನ ದಪ್ಪ ಮತ್ತು ಗ್ರೇಡ್, ಜಾಲರಿ, ವಾಟ, ಜಾಯಿಂಟಿನ ಅಂತರ, ಹಾರ್ಡ್‌ನರ್ ಚೀಲ, ಸೀಲರ್ ಲೀಟರ್ ಎಲ್ಲ ಬೇರೆ ಬೇರೆ ಬರೆಸಿ. ಮೂರಡಿ ಚೌಕದ ಒಂದು ಸ್ಯಾಂಪಲ್ ಮೊದಲೇ ಒತ್ತಿಸಿ ನೋಡಿ. ಶೇ 10ರಷ್ಟು ಹಣವನ್ನು ಮೊದಲ ಮಳೆಗಾಲ ಮುಗಿಯುವ ತನಕ ಹಿಡಿದಿಡುವ ಮಾತು ಅಡ್ವಾನ್ಸ್ ಕೊಡುವ ಮುಂಚೆಯೇ ಆಗಲಿ. ಈ ಮನೆಯವರು ಸೀಲರ್ ಹಚ್ಚಿದ ಸಂಜೆಯೇ ಪೂರ್ತಿ ಕೊಟ್ಟಿದ್ದಾರೆ. ಬಿರುಕಿನ ಫೋಟೊ ಕಳಿಸಿದರೆ ಎರಡು ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ.

ಇನ್ನೊಂದು, ತಂಡ ಹೊರಡುವಾಗ ಉಳಿದ ಹಾರ್ಡ್‌ನರ್ ಎರಡು ಕೆಜಿಯನ್ನಾದರೂ ಕೇಳಿ ಇಟ್ಟುಕೊಳ್ಳಿ, ಚೀಲದ ಮೇಲಿನ ಬ್ಯಾಚ್ ನಂಬರಿನ ಫೋಟೊ ಸಮೇತ. ಮುಂದೆ ಒಂದು ಮೂಲೆ ಒಡೆದು ಹಾಕಬೇಕಾದರೆ ಅದೇ ಹೆಸರಿನ ಬಣ್ಣ ತಂದರೂ ಬ್ಯಾಚ್ ಬೇರೆಯಾದರೆ ತೇಪೆ ಎದ್ದು ಕಾಣುತ್ತದೆ. ಪುಡಿಗೆ ತೇವ ತಗುಲದಂತೆ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಹಾಕಿ ಅಟ್ಟದ ಮೇಲಿಡಿ.