ಬಿಪಿ, ಶುಗರ್ ಇದ್ದವರಿಗೆ ಯಾವ ಡಾಕ್ಟರು? ಓಣಿ ಕ್ಲಿನಿಕ್, ದೊಡ್ಡಾಸ್ಪತ್ರೆ, ನಮ್ಮ ಕ್ಲಿನಿಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓಣಿ ಡಾಕ್ಟರಿಗೆ. ಹುಬ್ಬಳ್ಳಿಯ ಉಣಕಲ್ ಕಡೆ ನಮ್ಮ ಮನೆ. ಎಪ್ಪತ್ತು ದಾಟಿದೆ. ಬಿಪಿ ಇದೆ, ಶುಗರ್ ಇದೆ, ಮೊಣಕಾಲು ನೋವಂತೂ ಇದ್ದದ್ದೇ.

ದೊಡ್ಡ ಆಸ್ಪತ್ರೆಗೆ ಹಚ್ಚಿದ್ದು ಮಗ. ಹೆಸರು ಬೇಡ. ಕಟ್ಟಡ ಚೆನ್ನಾಗಿದೆ, ಲಿಫ್ಟ್ ಇದೆ, ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಒಂದೇ ಕಡೆ. ತೊಂದರೆ ಏನಂದ್ರೆ, ಅಲ್ಲಿ ಹೃದಯಕ್ಕೆ ಒಬ್ಬರು, ಶುಗರಿಗೆ ಒಬ್ಬರು, ಎಲುಬಿಗೆ ಇನ್ನೊಬ್ಬರು. ಫೀಸೂ ಬೇರೆ, ಚೀಟಿಯೂ ಬೇರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿರುವಿ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣಿಗೆ ಕತ್ತಲೆ ಬರೋಕೆ ಶುರುವಾಯಿತು. ಅಲ್ಲಿ ಹೇಳಿದರೆ ನರದ ಡಾಕ್ಟರಿಗೆ ಕಳಿಸಿದರು. ಅವರದ್ದೂ ಒಂದು ಗುಳಿಗೆ ಸೇರಿತು!

ಓಣಿ ಡಾಕ್ಟರ ಹತ್ತಿರ ಕೆಮ್ಮಿಗೆ ಅಂತ ಹೋದಾಗ ಇದನ್ನೂ ಹೇಳಿದೆ. "ಅಕ್ಕಾರ, ಚೀಟಿ ಬ್ಯಾಡ. ಮನ್ಯಾಗಿನ ಗುಳಿಗಿ ಎಲ್ಲಾ ಒಂದ್ ಚೀಲದಾಗ ಹಾಕ್ಕೊಂಡ್ ಬರ್ರಿ" ಅಂದರು. ಒಯ್ದೆ. ಟೇಬಲ್ ಮೇಲೆ ಸುರಿದು, ಕನ್ನಡಕ ಹಣೆಗೆ ಏರಿಸಿ, ಒಂದೊಂದರ ಹಿಂದಿನ ಸಣ್ಣಕ್ಷರ ಓದಿದರು. ಮೆಡಿಕಲ್ ಶಾಪಿನವರು ಐದೈದು ಕತ್ತರಿಸಿ ಕೊಟ್ಟಿದ್ದರಿಂದ ಕೆಲವಕ್ಕೆ ಹೆಸರೇ ಅರ್ಧ. ಕೊನೆಗೆ ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟರು. ಕಂಪನಿ ಬೇರೆ, ಹೆಸರು ಬೇರೆ, ಒಳಗಿರೋದು ಮಾತ್ರ ಎರಡರಲ್ಲೂ ಟೆಲ್ಮಿಸಾರ್ಟಾನ್. ಬಿಪಿ ಗುಳಿಗೆ. ಹೃದಯದವರದು ಒಂದು, ಶುಗರಿನವರದು ಒಂದು!

ಆಮೇಲೆ ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೂ ತಲೆ ತಿರುಗಿ ಬೀಳಬಹುದಂತೆ. ನನ್ನದು ಇನ್ನೂ ಜಾಸ್ತಿ ಇಳಿದಿತ್ತು. ದೊಡ್ಡಾಸ್ಪತ್ರೆಯಲ್ಲಿ ಯಾವಾಗಲೂ ಕುರ್ಚಿಯಲ್ಲಿ ಕೂಡಿಸಿಯೇ ನೋಡಿದ್ದು, ಸಿಗೋದಾದರೂ ಹೇಗೆ? ಎರಡರಲ್ಲಿ ಒಂದು ಗುಳಿಗೆ ನಿಲ್ಲಿಸಿದರು. ಕತ್ತಲೆ ಬರೋದು ನಿಂತಿತು.

ಸರ್ಕಾರದ 'ನಮ್ಮ ಕ್ಲಿನಿಕ್'ಗಳ ಬಗ್ಗೆ ಹೇಳಲೇಬೇಕು. 2022ರ ಡಿಸೆಂಬರಿನಲ್ಲಿ ಇವಕ್ಕೆ ಚಾಲನೆ ಸಿಕ್ಕಿದ್ದೇ ಇಲ್ಲಿನ ಭೈರಿದೇವರಕೊಪ್ಪದಲ್ಲಿ. ಫೀಸಿಲ್ಲ, ಶುಗರ್ ಪರೀಕ್ಷೆಗೆ ದುಡ್ಡಿಲ್ಲ, ಗುಳಿಗೆಯೂ ಪುಕ್ಕಟೆ. ಪಿಂಚಣಿ ಕಡಿಮೆ ಇರುವ ಗೆಳತಿಯರಿಗೆ ನಾನು ಇದನ್ನೇ ಹೇಳುತ್ತೇನೆ. ನನಗೆ ಹೊಂದದಿರೋದು ಹೊತ್ತು ಮಾತ್ರ. ಹಗಲೆಲ್ಲ ಮೊಮ್ಮಗ ನನ್ನ ಕೈಯಲ್ಲಿ, ನಾನು ಬಿಡುವಾಗೋದೇ ಸಂಜೆ ದೀಪ ಹಚ್ಚಿದ ಮೇಲೆ.

ಫೋನಿನಲ್ಲಿ ಡಾಕ್ಟರನ್ನು ನೋಡೋದೂ ಮಾಡಿದ್ದೇನೆ. ಕಾಲು ಬಾತಾಗ ಬೆರಳಿಂದ ಒತ್ತಿ ನೋಡೋಕೆ ಫೋನಿಗೆ ಆಗಲ್ಲ ಅಲ್ವಾ?

ಓಣಿ ಡಾಕ್ಟರಲ್ಲಿ ಕೊರತೆ ಇಲ್ಲ ಅಂತಲ್ಲ. ಭಾನುವಾರ ಬಾಗಿಲು ಹಾಕಿರುತ್ತೆ. ಊರಲ್ಲಿ ಮದುವೆ ಇದ್ದರೆ ಹೇಳದೆ ಹೋಗಿಬಿಡುತ್ತಾರೆ. ರಾತ್ರಿ ಎದೆನೋವು ಬಂದರೆ ನಾನೂ ದೊಡ್ಡಾಸ್ಪತ್ರೆಗೇ ಓಡೋದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳ ತಪಾಸಣೆಗೆ 150 ರೂಪಾಯಿ ನನ್ನ ಪಿಂಚಣಿಗೆ ಭಾರವಲ್ಲ, ನಡೆದೇ ಹೋಗಬಹುದು, ನನ್ನ ಎಲ್ಲ ಗುಳಿಗೆ ಒಬ್ಬರ ಕಣ್ಣಿಗೆ ಬೀಳುತ್ತವೆ. ಈಗ ಸ್ಪೆಷಲಿಸ್ಟ್ ಬೇಕಾದರೂ ಇವರ ಚೀಟಿ ಹಿಡಿದೇ ಹೋಗುತ್ತೇನೆ.

ಡಾಕ್ಟರಿಗೂ ವಯಸ್ಸಾಯಿತು ಅನ್ನೋದೇ ನನ್ನ ಚಿಂತೆ. ನಿಮ್ಮ ನಂತರ ಯಾರ್ರೀ ಅಂತ ಕೇಳಿದರೆ, "ನಿಮಗಿಂತ ನಾ ಸಣ್ಣಾಂವ ಅದೀನ್ರಿ ಅಕ್ಕಾರ" ಅಂತ ನಗುತ್ತಾರೆ.