ಲಿನಕ್ಸ್ ಮೇಲೆ ಗೇಮ್: ಹುಬ್ಬಳ್ಳಿಯ ಮನೆಯಲ್ಲಿ ಐದೂವರೆ ವರ್ಷ

ನನ್ನ ಮನೆ ಉಣಕಲ್ ಕೆರೆಯ ಹತ್ತಿರ. ಕೆಲಸ ಅಮರಗೋಳದ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಹಗಲೆಲ್ಲ ಉಳ್ಳಾಗಡ್ಡಿ, ಶೇಂಗಾದ ತೂಕ ಬರೆದು, ರಾತ್ರಿ ಊಟ ಆದ ಮೇಲೆ ಒಂದು ತಾಸು ಗೇಮ್ ಆಡುತ್ತೇನೆ. ಆ ಒಂದು ತಾಸು ನನಗೆ ಬಹಳ ಮುಖ್ಯ. 2020ರ ಲಾಕ್‌ಡೌನ್‌ನಲ್ಲಿ ಕಂಪ್ಯೂಟರ್‌ನಿಂದ ವಿಂಡೋಸ್ ತೆಗೆದು, ಅದರ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿದೆ. ಮೊದಲು ಉಬುಂಟು, ಆಮೇಲೆ ಲಿನಕ್ಸ್ ಮಿಂಟ್, ಎರಡೂ ಲಿನಕ್ಸ್‌ನ ಬಗೆಗಳೇ. ಅವತ್ತಿನಿಂದ ನಾನು ಆಡಿದ್ದೆಲ್ಲ ಇದರಲ್ಲೇ.

"ಲಿನಕ್ಸ್‌ನಾಗ ಗೇಮ್ ನಡೀತಾವೇನ್ರೀ?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನದು 2017ರಲ್ಲಿ ಕೊಂಡ ಯಂತ್ರ, ಏಳನೇ ತಲೆಮಾರಿನ ಐ5 ಪ್ರೊಸೆಸರ್. ಇಂಥ ಯಂತ್ರಗಳು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಗದಗ, ಹಾವೇರಿ ಕಡೆ ಎಷ್ಟೋ ಮನೆಗಳಲ್ಲಿ ಇಂಥವೇ ಇವೆ. ಚೆನ್ನಾಗಿ ನಡೆಯುವ ಯಂತ್ರವನ್ನು ಸುಮ್ನೆ ಮೂಲೆಗೆ ಇಡಲು ಯಾರಿಗೂ ಮನಸ್ಸಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಬ್ಬರೇ ಆಡುವ ಗೇಮ್ ಆದರೆ ಚಿಂತೆ ಬೇಡ, ಬಹುತೇಕ ಎಲ್ಲವೂ ನಡೆಯುತ್ತವೆ. ದಿ ವಿಚರ್ 3 ಪೂರ್ತಿ ಮುಗಿಸಿದ್ದೇನೆ, ಅದೂ ಹಳೆಯ 4 ಜಿಬಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಹೇಡೀಸ್, ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ, ಪುಣೆಯವರು ಮಾಡಿದ ರಾಜಿ, ಜಿಟಿಎ 5ರ ಕಥೆಯ ಭಾಗ, ಎಲ್ಲ ಆಡಿದ್ದೇನೆ. ಸ್ಟಾರ್‌ಡ್ಯೂ ವ್ಯಾಲಿ, ಯೂರೋ ಟ್ರಕ್ ಸಿಮ್ಯುಲೇಟರ್ 2, ಕೌಂಟರ್-ಸ್ಟ್ರೈಕ್ 2 ಇವಕ್ಕೆಲ್ಲ ಲಿನಕ್ಸ್‌ಗೆಂದೇ ಮಾಡಿದ ಆವೃತ್ತಿ ಇದೆ. ಧಾರವಾಡದ ಸಪ್ತಾಪುರದಲ್ಲಿರುವ ಗೆಳೆಯನ ಜೊತೆ ಶನಿವಾರ ರಾತ್ರಿ ಕೌಂಟರ್-ಸ್ಟ್ರೈಕ್ ಆಡುವುದು ಮೂರು ವರ್ಷದ ರೂಢಿ. ಅವನದು ವಿಂಡೋಸ್, ನನ್ನದು ಲಿನಕ್ಸ್. ಆಟದಲ್ಲಿ ಏನೂ ವ್ಯತ್ಯಾಸ ಇಲ್ಲ.

ಇದು ಹೇಗೆ ಸಾಧ್ಯವಾಯಿತು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ಕೆಲಸ 1993ರಲ್ಲೇ ಶುರುವಾಗಿತ್ತು. ಆದರೆ ಗೇಮ್ ನಡೆಸಬೇಕು ಅಂದರೆ ಪ್ರತಿಯೊಂದಕ್ಕೂ ಕೈಯಿಂದ ಏನೇನೋ ಹೊಂದಿಸಬೇಕಿತ್ತು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2013ರಲ್ಲಿ ಲಿನಕ್ಸ್‌ಗೆ ಬಂದರೂ ಅದರಲ್ಲಿದ್ದ ದೊಡ್ಡ ಗೇಮ್‌ಗಳಲ್ಲಿ ಹೆಚ್ಚಿನವು ನಮಗೆ ಸಿಗುತ್ತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರೋಟಾನ್ ಬಿಟ್ಟಿತು. ವೈನ್ ಮೇಲೆ ಕಟ್ಟಿದ್ದು, ಜೊತೆಗೆ ಚಿತ್ರ ಬಿಡಿಸುವ ಆಜ್ಞೆಗಳನ್ನು ದಾಟಿಸುವ ಡಿಎಕ್ಸ್‌ವಿಕೆ ಸೇರಿಸಿದ್ದು.

ನಮ್ಮ ಯಾರ್ಡ್‌ಗೆ ಹೊರ ರಾಜ್ಯದಿಂದ ಖರೀದಿಗೆ ಬರುತ್ತಾರೆ. ಅವರ ಭಾಷೆ ರೈತನಿಗೆ ಬರುವುದಿಲ್ಲ, ರೈತನ ಭಾಷೆ ಅವರಿಗೆ ಬರುವುದಿಲ್ಲ. ನಡುವೆ ಎರಡೂ ಬಲ್ಲ ಒಬ್ಬ ನಿಂತು ಮಾತು ದಾಟಿಸುತ್ತಾನೆ, ವ್ಯಾಪಾರ ಆಗುತ್ತದೆ. ಪ್ರೋಟಾನ್ ಮಾಡುವುದೂ ಅದೇ ಕೆಲಸ. ಗೇಮ್ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ "ಈ ಗೋಡೆ ಬಿಡಿಸು, ಈ ನೆರಳು ಹಾಕು" ಅನ್ನುತ್ತದೆ. ಡಿಎಕ್ಸ್‌ವಿಕೆ ಅದನ್ನು ಆಗಿಂದಾಗಲೇ ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಭಾಷೆಗೆ ದಾಟಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಹೇಳುತ್ತದೆ. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಅಂತ ಬೇರೆಯದೇ ಇದೆ. ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾಗುವಾಗ ಇಷ್ಟೆಲ್ಲ ನಡುವೆ ನಡೆಯುತ್ತಿರುತ್ತದೆ, ಆಡುವವನಿಗೆ ಗೊತ್ತೇ ಆಗುವುದಿಲ್ಲ.

ಮೊದಲ ಎರಡು ವರ್ಷ ಮಾತ್ರ ಗೊತ್ತಾಗುತ್ತಿತ್ತು. ಹೊಸ ಊರಿಗೆ ಕಾಲಿಟ್ಟಾಗ, ಮೊದಲ ಸಲ ಬೆಂಕಿ ಹೊತ್ತಿದಾಗ, ಗೇಮ್ ಅರೆಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಶೇಡರ್‌ಗಳನ್ನು, ಅಂದರೆ ಬೆಳಕು, ನೆರಳು, ಬಣ್ಣ ಹೇಗೆ ಕಾಣಬೇಕು ಅಂತ ಗ್ರಾಫಿಕ್ಸ್ ಕಾರ್ಡ್‌ಗೆ ಹೇಳುವ ಪುಟ್ಟ ಪ್ರೋಗ್ರಾಂಗಳನ್ನು, ಆಗಲೇ ತಯಾರು ಮಾಡಿಕೊಳ್ಳಬೇಕಿತ್ತಲ್ಲ, ಅದಕ್ಕೆ. ಈಗ ಸ್ಟೀಮ್ ಎಷ್ಟೋ ಶೇಡರ್‌ಗಳನ್ನು ಮೊದಲೇ ಇಳಿಸಿಕೊಂಡಿರುತ್ತದೆ. 2022ರ ನವೆಂಬರ್‌ನಲ್ಲಿ ಡಿಎಕ್ಸ್‌ವಿಕೆ 2.0 ಬಂದ ಮೇಲೆ ತಯಾರಿಯ ರೀತಿಯೇ ಬದಲಾಯಿತು, ಆ ತಡೆ ನನ್ನಲ್ಲಿ ಹೆಚ್ಚುಕಡಿಮೆ ಹೋಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಬಂದಿತ್ತು. ಕೈಯಲ್ಲಿ ಹಿಡಿದು ಆಡುವ ಆ ಯಂತ್ರದ ಒಳಗಿರುವುದು ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್. ಅದಕ್ಕಾಗಿ ಸರಿಪಡಿಸಿದ್ದೆಲ್ಲ ನನ್ನ ಹಳೆಯ ಡೆಸ್ಕ್‌ಟಾಪ್‌ಗೂ ಬಂದು ಸೇರುತ್ತದೆ. ಡೆಕ್ ಕೊಳ್ಳದೆಯೇ ಅದರ ಲಾಭ ನನಗೆ ಸಿಕ್ಕಿದೆ.

ಈಗ ನನ್ನನ್ನು ಬಹಳ ಕಾಡಿದ ಒಂದು ತೊಂದರೆ ಹೇಳುತ್ತೇನೆ. ಹೊಸಬರು ಖಂಡಿತ ಇಲ್ಲಿ ಎಡವುತ್ತಾರೆ. ವಿಂಡೋಸ್ ತೆಗೆದಾಗ ಡಿ ಡ್ರೈವ್ ಹಾಗೇ ಉಳಿಸಿಕೊಂಡಿದ್ದೆ. ಅದರಲ್ಲಿ ವಿಚರ್ ಸುಮಾರು 50 ಜಿಬಿ ಇಳಿಸಿ ಇಟ್ಟಿದ್ದೆ, ಮತ್ತೆ ಯಾಕೆ ಇಳಿಸಬೇಕು ಅಂತ. ಸ್ಟೀಮ್‌ಗೆ ಆ ಫೋಲ್ಡರ್ ತೋರಿಸಿದೆ, ಗೇಮ್ ಗುರುತು ಹಿಡಿಯಿತು. ಹಸಿರು ಪ್ಲೇ ಬಟನ್ ಒತ್ತಿದೆ. ಅದು ನೀಲಿಯಾಗಿ ಸ್ಟಾಪ್ ಅಂತ ಆಯಿತು. ಐದು ಸೆಕೆಂಡ್. ಮತ್ತೆ ಹಸಿರು ಪ್ಲೇ. ಪರದೆ ಮೇಲೆ ಒಂದು ತಪ್ಪಿನ ಸಂದೇಶವೂ ಇಲ್ಲ. ಪ್ರೋಟಾನ್ ಆವೃತ್ತಿ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡ್ ನಡೆಸುವ ಪ್ರೋಗ್ರಾಂ ಆದ ಡ್ರೈವರ್ ಬದಲಿಸಿದೆ, ಇಡೀ ಸ್ಟೀಮ್ ತೆಗೆದು ಮತ್ತೆ ಹಾಕಿದೆ. ಮೂರು ರಾತ್ರಿ ಹೋಯಿತು. ಕೊನೆಗೆ ಕಾರಣ ಸಿಕ್ಕಿತು. ಆ ಡ್ರೈವ್‌ನಲ್ಲಿ ಫೈಲ್ ಇಡುವ ರೀತಿ ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯದು. ಪ್ರೋಟಾನ್ ಪ್ರತಿ ಗೇಮ್‌ಗೂ ಒಂದು ಪುಟ್ಟ ನಕಲಿ ವಿಂಡೋಸ್ ಮನೆ ಕಟ್ಟುತ್ತದೆ. ಅದರೊಳಗೆ ಸಿ ಅಕ್ಷರದ ಮುಂದೆ ಎರಡು ಚುಕ್ಕಿ, ಅಂದರೆ ಕೋಲನ್, ಇರುವ ಒಂದು ಕೊಂಡಿ ಬೇಕು. ವಿಂಡೋಸ್ ಲೋಕದಲ್ಲಿ ಫೈಲ್ ಹೆಸರಿನಲ್ಲಿ ಕೋಲನ್ ಇಡುವ ಹಾಗಿಲ್ಲ. ಆ ಡ್ರೈವ್ ಮೇಲೆ ಆ ಮನೆ ಸರಿಯಾಗಿ ಏಳಲೇ ಇಲ್ಲ. ಡ್ರೈವ್ ಅನ್ನು ಲಿನಕ್ಸ್‌ನ ಮಾದರಿಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಗೇಮ್ ಮತ್ತೆ ಇಳಿಸಿದೆ. ಒತ್ತಿದ ಕೂಡಲೇ ಶುರುವಾಯಿತು. ಹಾಗಾಗಿ ಹಳೆಯ ವಿಂಡೋಸ್ ಡ್ರೈವ್ ಮೇಲೆ ಗೇಮ್ ಇಟ್ಟು ನಡೆಸಲು ಹೋಗಬೇಡಿ. ಫೋಟೋ, ಹಾಡು ಇಡಿ, ಅದಕ್ಕೆ ತೊಂದರೆ ಇಲ್ಲ.

ಇನ್ನೊಂದು ತೊಂದರೆ ಅಂದರೆ ಗ್ರಾಫಿಕ್ಸ್ ಡ್ರೈವರ್. ಹಳೆಯ ಕಾರ್ಡ್‌ಗೆ ಕಂಪನಿ ಕೊಡುವ ಡ್ರೈವರ್ ಬೇರೆಯಾಗಿ ಹಾಕಬೇಕಿತ್ತು. ಒಂದು ಅಪ್‌ಡೇಟ್ ಆದ ಮೇಲೆ ಬರೀ ಕಪ್ಪು ಪರದೆ. ಶುರುವಿನ ಪಟ್ಟಿಯಲ್ಲಿ ಹಳೆಯ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳಿನ ಹಳೆಯ ಆವೃತ್ತಿ, ಆರಿಸಿ ಒಳಗೆ ಹೋಗಿ, ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂನಲ್ಲಿ ವ್ಯವಸ್ಥೆಯನ್ನು ಹಿಂದಿನ ದಿನದ ಸ್ಥಿತಿಗೆ ಮರಳಿಸಿದೆ. ಟೈಮ್‌ಶಿಫ್ಟ್ ಮಿಂಟ್ ಜೊತೆಗೇ ಬರುತ್ತದೆ, ಮೊದಲ ದಿನವೇ ಹೊಂದಿಸಿ ಇಡಿ. 2023ರಲ್ಲಿ ಎಎಮ್‌ಡಿ ಆರ್‌ಎಕ್ಸ್ 6600 ಹಾಕಿಸಿದೆ. ಇದರ ಡ್ರೈವರ್ ಕರ್ನಲ್ ಮತ್ತು ಲಿನಕ್ಸ್‌ನ ಗ್ರಾಫಿಕ್ಸ್ ಭಾಗವಾದ ಮೆಸಾ ಒಳಗೇ ಇದೆ, ನಾನು ಏನೂ ಹಾಕಬೇಕಾಗಿ ಬರಲಿಲ್ಲ. ಕಾರ್ಡ್ ಸಿಕ್ಕಿಸಿದೆ, ಸ್ವಿಚ್ ಒತ್ತಿದೆ, ಅಷ್ಟೇ. ಅವತ್ತಿನಿಂದ ಕಪ್ಪು ಪರದೆ ಕಂಡಿಲ್ಲ. ಲಿನಕ್ಸ್‌ಗಾಗಿಯೇ ಹೊಸ ಕಾರ್ಡ್ ಕೊಳ್ಳುವವರಿಗೆ ಇದೇ ದಾರಿ ಚಲೋ ಅಂತ ನನ್ನ ಅಭಿಪ್ರಾಯ.

ಕಂಟ್ರೋಲರ್ ವಿಷಯದಲ್ಲಿ ಹೇಳಲು ಏನೂ ಇಲ್ಲ. ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4 ಕೇಬಲ್ ಹಾಕಿದರೂ ನಡೆಯುತ್ತದೆ, ಬ್ಲೂಟೂತ್‌ನಲ್ಲೂ ನಡೆಯುತ್ತದೆ. ಸ್ಟೀಮ್ ಬಿಟ್ಟು ಎಪಿಕ್, ಜಿಒಜಿ ಎಂಬ ಬೇರೆ ಅಂಗಡಿಗಳಲ್ಲಿ ಕೊಂಡ ಗೇಮ್‌ಗಳಿಗೆ ಹೀರೋಯಿಕ್ ಲಾಂಚರ್ ಬಳಸುತ್ತೇನೆ. ಸ್ಟೀಮ್‌ನಷ್ಟು ಸಲೀಸಲ್ಲ, ಆದರೆ ಕೆಲಸ ಆಗುತ್ತದೆ.

ಇನ್ನು ಆಗದ ಮಾತು. ಕಳೆದ ದೀಪಾವಳಿ ರಜೆಗೆ ಗದಗಿನಿಂದ ಅಕ್ಕನ ಮಗ ಬಂದಿದ್ದ. ಪಿಯುಸಿ ಓದುವ ಹುಡುಗ. ಚೀಲ ಕೆಳಗಿಟ್ಟವನೇ ಕಂಪ್ಯೂಟರ್ ಮುಂದೆ ಕೂತ.

"ಮಾಮಾ, ಇದ್ರಾಗ ವ್ಯಾಲೊರೆಂಟ್ ಹಾಕಿಕೊಡು."

"ಅದು ನಡಿಯಂಗಿಲ್ಲೋ ತಮ್ಮಾ."

"ಯಾಕ? ಕಂಪ್ಯೂಟರ್ ಹಳೇದಾತೇನು?"

"ಕಂಪ್ಯೂಟರ್ ಚಲೋ ಐತಿ. ಗೇಮ್ ಮಾಡಿದವರು ಬಿಡಂಗಿಲ್ಲ."

ಅವನ ಮುಖ ಸಣ್ಣದಾಯಿತು. ನನಗೂ ಕೆಟ್ಟದೆನಿಸಿತು. ಕಾರಣ ಬಿಡಿಸಿ ಹೇಳಿದೆ. ವ್ಯಾಲೊರೆಂಟ್ ಜೊತೆ ಬರುವ ವ್ಯಾನ್‌ಗಾರ್ಡ್ ಮೋಸ ಹಿಡಿಯುವ ಪ್ರೋಗ್ರಾಂ. ಅದು ವಿಂಡೋಸ್ ಕರ್ನಲ್‌ನ ಒಳಗೇ ಕೂತು, ಯಂತ್ರ ಶುರುವಾದಾಗಿನಿಂದ ಕಾವಲು ಕಾಯುತ್ತದೆ. ಪ್ರೋಟಾನ್ ಕಟ್ಟುವ ಮನೆಯಲ್ಲಿ ವಿಂಡೋಸ್ ಕರ್ನಲ್ ಇಲ್ಲ, ಅದಕ್ಕೆ ಕೂರಲು ಜಾಗವೇ ಇಲ್ಲ. ಫೋರ್ಟ್‌ನೈಟ್, ಪಬ್‌ಜಿಯ ಪಿಸಿ ಆವೃತ್ತಿ ಇವೂ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ಚೆನ್ನಾಗಿ ನಡೆಯುತ್ತಿತ್ತು. 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ಗೆ ಬಾಗಿಲು ಹಾಕಿದರು, ಮೋಸ ಮಾಡುವವರು ಈ ದಾರಿಯಿಂದ ಬರುತ್ತಿದ್ದಾರೆ ಅಂತ ಕಾರಣ ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್‌ಗೆ ಮೋಸ ಹಿಡಿಯುವ ಇನ್ನೊಂದು ಪ್ರೋಗ್ರಾಂ ಬ್ಯಾಟಲ್‌ಐ ಸೇರಿಸಿದ ಮೇಲೆ ಅದೂ ಹೋಯಿತು.

ನನಗೆ ಬೇಜಾರಾಗುವುದು ಇಲ್ಲೇ. ಬ್ಯಾಟಲ್‌ಐ ಆಗಲಿ, ಅಂಥದೇ ಈಸಿ ಆ್ಯಂಟಿ-ಚೀಟ್ ಆಗಲಿ, 2021ರಲ್ಲೇ ಪ್ರೋಟಾನ್‌ಗೆ ಹೊಂದುವಂತೆ ಆಗಿವೆ. ಗೇಮ್ ಮಾಡಿದವರು ಒಪ್ಪಿ ಚಾಲೂ ಮಾಡಬೇಕು, ಅಷ್ಟೇ. ಕೆಲವರು ಒಪ್ಪಿದ್ದಾರೆ. ಹೆಲ್‌ಡೈವರ್ಸ್ 2ರಲ್ಲೂ ಮೋಸ ಹಿಡಿಯುವ ಪ್ರೋಗ್ರಾಂ ಇದೆ, ಆದರೂ ನಮ್ಮಲ್ಲಿ ನಡೆಯುತ್ತದೆ. ಮೋಸ ಮಾಡುವವರಿಂದ ಆಟ ಕೆಡುತ್ತದೆ ಅನ್ನುವುದು ನಿಜ, ಕೌಂಟರ್-ಸ್ಟ್ರೈಕ್‌ನಲ್ಲಿ ನಾನೇ ಅನುಭವಿಸಿದ್ದೇನೆ. ಆದರೆ ದುಡ್ಡು ಕೊಟ್ಟು ಕೊಂಡು, ನೆಟ್ಟಗೆ ಆಡುತ್ತಿದ್ದವರನ್ನು ಒಂದು ಬೆಳಿಗ್ಗೆ ಹೊರಗೆ ಹಾಕುವುದು ಸರಿ ಅಲ್ಲ. ಗೇಮ್ ಓಡಿಸುವ ಶಕ್ತಿ ಲಿನಕ್ಸ್‌ಗೆ ಬಂದಾಗಿದೆ. ಆಡಲು ಬಿಡುವುದು ಮಾತ್ರ ಇನ್ನೊಬ್ಬರ ಕೈಯಲ್ಲಿದೆ.

ಹೀಗಾಗಿ ಕೊಳ್ಳುವ ಮೊದಲು ಎರಡು ಕಡೆ ನೋಡಿ. ಪ್ರೋಟಾನ್‌ಡಿಬಿ ತಾಣದಲ್ಲಿ ಆಡಿದವರೇ ಬರೆದ ವರದಿಗಳಿವೆ. ಗೇಮ್‌ಗೆ ಅಲ್ಲಿ ಪ್ಲಾಟಿನಂ, ಗೋಲ್ಡ್ ಪದಕ ಇದ್ದರೆ ಧೈರ್ಯವಾಗಿ ಕೊಳ್ಳಿ. ಆನ್‌ಲೈನ್ ಗೇಮ್ ಆದರೆ, ಮೋಸ ಹಿಡಿಯುವ ಪ್ರೋಗ್ರಾಂ ಇರುವ ಯಾವ ಗೇಮ್ ಲಿನಕ್ಸ್‌ನಲ್ಲಿ ನಡೆಯುತ್ತದೆ ಅಂತ ಹೇಳುವ ಆರ್ ವಿ ಆ್ಯಂಟಿ-ಚೀಟ್ ಯೆಟ್ ತಾಣದಲ್ಲೂ ನೋಡಿ. ಪದಕದ ಬಣ್ಣಕ್ಕಿಂತ ಇತ್ತೀಚಿನ ತಾರೀಖಿನ ವರದಿ ಓದುವುದು ಮುಖ್ಯ, ಯಾಕಂದರೆ ಒಂದೇ ಅಪ್‌ಡೇಟ್‌ನಲ್ಲಿ ಎಲ್ಲ ಬದಲಾಗಬಹುದು. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಾನು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಬಂತು. ಹೊಸ ಗೇಮ್ ಕೊಂಡ ದಿನವೇ ಹಾಕಿ ನೋಡಿ, ಸೇಲ್‌ನಲ್ಲಿ ಕೊಂಡು ತಿಂಗಳುಗಟ್ಟಲೆ ಇಡಬೇಡಿ.

ಅಕ್ಕನ ಮಗ ಆ ರಜೆಯಲ್ಲಿ ಯೂರೋ ಟ್ರಕ್ ಹಿಡಿದ. ಮೊದಲ ದಿನ ಮುನಿಸಿನಿಂದ, ಮೂರನೇ ದಿನ ಊಟಕ್ಕೆ ಕರೆದರೂ ಏಳದೆ. ಅವರ ಮನೆಯಲ್ಲೂ ನನ್ನದರಂಥದೇ ಹಳೆಯ ಯಂತ್ರ, ಇನ್ನೂ ವಿಂಡೋಸ್ 10. ಅದನ್ನು ತೆಗೆಯಬೇಡ ಅಂತ ನಾನೇ ಹೇಳಿದ್ದೇನೆ, ಅವನ ಗೆಳೆಯರೆಲ್ಲ ವ್ಯಾಲೊರೆಂಟ್‌ನಲ್ಲಿದ್ದಾರೆ. ಅದಕ್ಕೆ 240 ಜಿಬಿಯ ಒಂದು ಬೇರೆ ಎಸ್‌ಎಸ್‌ಡಿ ತಂದಿಟ್ಟಿದ್ದೇನೆ. ಮುಂದಿನ ಭಾನುವಾರ ಗದಗಿಗೆ ಹೋಗಿ ಅದರ ಮೇಲೆ ಮಿಂಟ್ ಹಾಕಿ, ಸ್ಟೀಮ್ ಹಾಕಿ, ಅವನ ಟ್ರಕ್ ಸೇವ್ ಫೈಲ್ ದಾಟಿಸಿ ಬರಬೇಕು.